ಹೋಗೋ ಗಂಟು ಇದೆ, ಬರೋ ಗಂಟು ಎಲ್ಲಿ?

ಇವತ್ತು ರಾಜಕೀಯ ಬೇಡ. ಯಾರು ಯಾರಿಗೆ ಬೈದರು, ಯಾರು ಯಾವ ಪಕ್ಷಕ್ಕೆ ಹಾರಿದರು, ಅದನ್ನ ನಾಳೆ ನೋಡೋಣ. ಇವತ್ತು ಒಂದು ಚೀಲದ ಬಗ್ಗೆ ಮಾತಾಡಬೇಕು ಅಂತಿದ್ದೀನಿ. ನಗಬೇಡಿ. ಪೂರ್ತಿ ಕೇಳಿ, ಆಮೇಲೆ ಹೇಳಿ.

ಕೊಪ್ಪಳ ಜಿಲ್ಲೆಯಲ್ಲಿ ತಳಕಲ್ ಅಂತ ಒಂದು ಊರಿದೆ. ಕೊಪ್ಪಳದಿಂದ ಗದಗಕ್ಕೆ ರೈಲಲ್ಲಿ ಹೋಗೋರಿಗೆ ಗೊತ್ತಿರುತ್ತೆ. ಗದಗ-ವಾಡಿ ಹೊಸ ಮಾರ್ಗ ಕವಲೊಡೆಯೋದು ಇಲ್ಲಿಂದಲೇ. ಕುಕನೂರು, ಯಲಬುರ್ಗಾ ಕಡೆಯಿಂದ ಹಾದು ಕುಷ್ಟಗಿ ಮುಟ್ಟೋ ಆ ದಾರಿಯಲ್ಲಿ 2025ರ ಮೇ ತಿಂಗಳಲ್ಲಿ ರೈಲು ಓಡಿತು. ಎಷ್ಟೋ ವರ್ಷದ ಕನಸು ಅದು. ರೈಲು ಬಂತು, ಸಂತೋಷ. ಆದರೆ ಈ ಭಾಗದ ಜನಕ್ಕೆ ರೈಲು, ಬಸ್ಸು ಅಂದ್ರೆ ಬರೀ ಪ್ರಯಾಣ ಅಲ್ಲ. ಗುಳೆ. ಮಳೆ ಕೈಕೊಟ್ಟ ವರ್ಷ, ಹೊಲದಾಗೆ ಕೆಲಸ ಇಲ್ಲದ ತಿಂಗಳು, ಬೆಂಗಳೂರು, ಮಂಗಳೂರು, ಉಡುಪಿ, ಗೋವಾ ಅಂತ ಮನೆ ಮಂದಿಯೆಲ್ಲ ಹೊರಡೋದು.

ಹೊರಡೋವಾಗ ಕಟ್ಟೋ ಗಂಟು ನೋಡಿದ್ದೀರಾ? ಎರಡು ಪಾತ್ರೆ, ಒಂದು ಕೌದಿ, ಕಡಕ್ ರೊಟ್ಟಿಯ ಕಟ್ಟು, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಮಗುವಿಗೆ ಒಂದು ಸ್ವೆಟರ್. ನಾಲ್ಕು ತಿಂಗಳ ಸಂಸಾರ ಒಂದೇ ಗಂಟಿನಲ್ಲಿ! ಈ ವಿದ್ಯೆಯಲ್ಲಿ ನಮ್ಮ ಅವ್ವಂದಿರನ್ನ ಮೀರಿಸೋರು ಯಾರೂ ಇಲ್ಲ. ಆದರೆ ನನ್ನ ಪ್ರಶ್ನೆ ಬೇರೆ. ಹೋಗೋ ಗಂಟು ಕಟ್ಟಿದ್ದೀರಿ, ಸರಿ. ದಿಢೀರ್ ಅಂತ ವಾಪಸ್ ಬರಬೇಕಾದರೆ? ಆ ಗಂಟು ಎಲ್ಲಿ?

2020ರ ಮಾರ್ಚ್ 24 ನೆನಪಿದೆಯಲ್ಲ? ರಾತ್ರಿ 8 ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದರು. ರಾತ್ರಿ 12ರಿಂದ ದೇಶ ಬಂದ್, 21 ದಿನ. ಸಿಕ್ಕಿದ್ದು ನಾಲ್ಕೇ ನಾಲ್ಕು ಗಂಟೆ. ಪ್ರಯಾಣಿಕರ ರೈಲು ಆಗಲೇ ನಿಂತಿತ್ತು. ಬೆಳಗಾದರೆ ಯುಗಾದಿ. ಊರಲ್ಲಿ ಬೇವು ಬೆಲ್ಲ ಹಂಚಿ ಮುಗಿಯೋ ಹೊತ್ತಿಗೆ ಇಲ್ಲಿ ಜನ ರಸ್ತೆಗಿಳಿದಿದ್ದರು. ಬೆಂಗಳೂರಿನಿಂದ ಕೊಪ್ಪಳಕ್ಕೆ ಹೆಚ್ಚು ಕಡಿಮೆ ಮುನ್ನೂರೈವತ್ತು ಕಿಲೋಮೀಟರ್. ತುಮಕೂರು, ಚಿತ್ರದುರ್ಗ, ಹೊಸಪೇಟೆ. ಬಸ್ಸಲ್ಲಿ ಒಂದು ರಾತ್ರಿಯ ನಿದ್ದೆ. ನಡೆದು ಹೋದರೆ ಎಷ್ಟು ರಾತ್ರಿ ಲೆಕ್ಕ ಹಾಕಿ.

ಆಗ ಹೆದ್ದಾರಿಯಲ್ಲಿದ್ದ ನಮ್ಮ ಹುಡುಗನೊಬ್ಬ ಸುದ್ದಿ ಕಳಿಸಿ, ಕೊನೆಗೆ ಒಂದು ಮಾತು ಹೇಳಿದ. ‘ಸರ್, ಬಿಸ್ಕತ್ತು ಕೊಡೋಕೆ ಹೋದೆ. ಒಬ್ಬ ಯಜಮಾನ್ರು ಬೇಡ ಅಂದ್ರು. “ತಮ್ಮಾ, ರೊಟ್ಟಿ ಅದಾವು. ಚಾರ್ಜರ್ ಐತೇನಪ್ಪಾ? ಫೋನ್ ಬಂದ್ ಬಿದ್ದೈತಿ, ನಂಬರ್ ಎಲ್ಲಾ ಅದರಾಗ ಅದಾವು” ಅಂದ್ರು.’ ಆ ಮಾತು ನನ್ನನ್ನ ಇವತ್ತಿಗೂ ಬಿಟ್ಟಿಲ್ಲ. ಕೈಯಲ್ಲಿ ರೊಟ್ಟಿ ಇದೆ, ಕಾಲಲ್ಲಿ ಶಕ್ತಿ ಇದೆ. ಇಲ್ಲದ್ದು ಒಂದು ಚೂರು ಕರೆಂಟು, ಒಂದು ಚೀಟಿ. ಊರಿನ ಮಗನ ನಂಬರ್ ಬಾಯಿಗೆ ಬರ್ತಿಲ್ಲ. ನಮ್ಮ ನಿಮ್ಮ ಕಥೆಯೂ ಅಷ್ಟೇ. ಫೋನ್ ನೋಡದೆ ಹೆಂಡತಿ ನಂಬರ್ ಹೇಳಿ ನೋಡೋಣ?

ಅದೇ ವರ್ಷ ಮೇ 8ರ ನಸುಕಿನಲ್ಲಿ ಮಹಾರಾಷ್ಟ್ರದ ಔರಂಗಾಬಾದ್ ಹತ್ತಿರ ಹಳಿ ಮೇಲೆ ಮಲಗಿದ್ದ 16 ಕಾರ್ಮಿಕರ ಮೇಲೆ ಗೂಡ್ಸ್ ರೈಲು ಹರಿಯಿತು. ಹಳಿಯ ಮೇಲೆ ಚೆಲ್ಲಿದ್ದ ರೊಟ್ಟಿಯ ಫೋಟೋ ನೋಡಿ ದೇಶವೇ ಮರುಗಿತು. ಅವರ ಚೀಲದಲ್ಲೂ ಊಟ ಇತ್ತು. ರೈಲು ನಿಂತಿದೆ ಅಂತ ನಂಬಿದ್ದರು. ನಿಂತಿದ್ದು ಪ್ರಯಾಣಿಕರ ರೈಲು. ಗೂಡ್ಸ್ ಒಂದು ದಿನವೂ ನಿಂತಿರಲಿಲ್ಲ. ಹಳಿ ಪಕ್ಕದಲ್ಲೇ ಬದುಕೋ ತಳಕಲ್‌ನಂಥ ಊರಿನವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಹಸಿವಿನಷ್ಟೇ, ಗೊತ್ತಿಲ್ಲದಿರೋದೂ ಕೊಲ್ಲುತ್ತೆ.

ಅದಕ್ಕೇ ಹೇಳ್ತಿದ್ದೀನಿ, ಬರೋ ಚೀಲ ಒಂದು ಸಿದ್ಧ ಇರಲಿ. ಹೆಗಲಿಗೆ ಹಾಕೋ ಚೀಲ ಆಗಬೇಕು, ತಲೆ ಮೇಲಿನ ಮೂಟೆ ಅಲ್ಲ. ಕೈ ಎರಡೂ ಖಾಲಿ ಇರಬೇಕು, ಮಗುವನ್ನ ಹಿಡಿಯೋಕೆ.

ಮೊದಲು ಹಾಕಬೇಕಾದ್ದು ಒಂದು ಕಾಗದ. ಐದು ಫೋನ್ ನಂಬರ್ ಪೆನ್ನಲ್ಲಿ ಬರೆದಿಡಿ: ಮನೆ, ಪಕ್ಕದ ಮನೆ, ಊರಿನ ಒಬ್ಬ ಓದುಬರಹ ಬಲ್ಲ ಹುಡುಗ, ಮೇಸ್ತ್ರಿ, ಜೊತೆಗೆ ಕೆಲಸ ಮಾಡೋ ಒಬ್ಬರು. ಕೆಳಗೆ 112, ಆಂಬುಲೆನ್ಸಿಗೆ 108, ರೈಲ್ವೆಗೆ 139, ಮಕ್ಕಳಿಗೆ 1098. ದಾರಿಯಲ್ಲಿ ಬರೋ ಊರುಗಳ ಹೆಸರು ಸಾಲಾಗಿ. ಆಧಾರ್, ರೇಷನ್ ಕಾರ್ಡಿನ ಜೆರಾಕ್ಸ್ ಜೊತೆ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಡಿ. ಮಗುವಿನ ಜೇಬಲ್ಲೂ ಹೆಸರು, ನಂಬರ್ ಬರೆದ ಚೀಟಿ ಇರಲಿ.

ಎರಡನೇದು ದುಡ್ಡು. ಊರಿನ ಟಿಕೆಟ್ಟಿನ ಎರಡರಷ್ಟು, ಹತ್ತು, ಐವತ್ತು, ನೂರರ ನೋಟುಗಳಲ್ಲಿ. ಅದು ಮುಟ್ಟಬಾರದ ದುಡ್ಡು. ಫೋನ್ ಪೇ ಇದೆಯಲ್ಲ ಸಾರ್ ಅಂತೀರಿ. ನೆಟ್‌ವರ್ಕ್ ಹೋದ ದಿನ, ಬ್ಯಾಟರಿ ಸತ್ತ ದಿನ ಅದು ಬರೀ ಗಾಜಿನ ತುಂಡು. ಜೊತೆಗೆ ಪವರ್ ಬ್ಯಾಂಕ್, ಚಾರ್ಜರ್ ವಯರ್, ಒಂದು ಸಣ್ಣ ಟಾರ್ಚ್.

ಮೂರನೇದು ಹೊಟ್ಟೆ. ಇಲ್ಲಿ ನಾನು ಹೇಳಿಕೊಡೋದೇನಿದೆ? ಕಡಕ್ ರೊಟ್ಟಿ, ಹಿಂಡಿ, ಪುಟಾಣಿ, ಬೆಲ್ಲ. ನಮ್ಮ ಅಜ್ಜಿಯರು ಇದನ್ನ ಯಾವ ತರಬೇತಿಯೂ ಇಲ್ಲದೆ ಕಂಡುಕೊಂಡಿದ್ದಾರೆ. ತಲೆಗೆ ಒಂದೊಂದು ಬಾಟಲಿ ನೀರು. ಓಆರ್‌ಎಸ್ ಪೊಟ್ಟಣ ನಾಲ್ಕು. ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಮಟ್ಟಸ ಅಳತೆ. ಉಪ್ಪು ಮಾತ್ರ ಹೆಚ್ಚಾಗಬಾರದು.

ನಾಲ್ಕನೇದು ಮೈ. ಬಿಪಿ, ಶುಗರ್ ಇದ್ದರೆ ಒಂದು ವಾರದ ಮಾತ್ರೆ, ಡಾಕ್ಟರ್ ಚೀಟಿ ಸಮೇತ. ಗಾಯದ ಪಟ್ಟಿ, ಹೆಣ್ಣುಮಕ್ಕಳಿಗೆ ಪ್ಯಾಡ್, ಹೊದೆಯೋಕೆ ಒಂದು ಟವೆಲ್, ಮಳೆಗೆ ಪ್ಲಾಸ್ಟಿಕ್ ಹಾಳೆ. ಮತ್ತೆ ಚಪ್ಪಲಿ! ಆ ವರ್ಷ ಉಂಗುಷ್ಟ ಕಿತ್ತ ಹವಾಯಿ ಚಪ್ಪಲಿಗೆ ದಾರ ಕಟ್ಟಿಕೊಂಡು ನಡೆದವರನ್ನ ನೋಡಿದ್ದೀವಿ. ಗಟ್ಟಿ ಚಪ್ಪಲಿ ಒಂದು ಜೊತೆ ಇರಲಿ.

ಪ್ರತಿ ಅಮಾವಾಸ್ಯೆಗೆ ಚೀಲ ಬಿಚ್ಚಿ. ಪವರ್ ಬ್ಯಾಂಕ್ ಚಾರ್ಜ್ ಮಾಡಿ, ರೊಟ್ಟಿ ಬದಲಿಸಿ, ಮಾತ್ರೆ ಮೇಲಿನ ತಾರೀಖು ನೋಡಿ. ಅಮಾವಾಸ್ಯೆ ಮರೆಯೋರು ನಮ್ಮ ಕಡೆ ಯಾರಿದ್ದಾರೆ ಹೇಳಿ?

ಇನ್ನೊಂದು ಮಾತು. ಚೀಲ ಇದೆ ಅಂತ ಎದ್ದು ಹೊರಡಬೇಡಿ. ಮೊದಲು ಇಬ್ಬರಿಗೆ ಫೋನ್ ಮಾಡಿ, ದಾರಿ ಹೇಗಿದೆ ಕೇಳಿ. ಎಷ್ಟೋ ಸಲ ಎರಡು ದಿನ ಇದ್ದಲ್ಲೇ ಇರೋದೇ ಊರು ಸೇರೋ ಸುರಕ್ಷಿತ ದಾರಿ. ಆ ಎರಡು ದಿನ ಕಳೆಯೋಕೂ ಇದೇ ಚೀಲ ಬೇಕು.

ಇದು ಕೂಲಿಯವರ ಕಥೆ, ನಮಗ್ಯಾಕೆ ಅನ್ನಬೇಡಿ. 2021ರ ಏಪ್ರಿಲ್ 7ಕ್ಕೆ ಸಾರಿಗೆ ನೌಕರರ ಮುಷ್ಕರ ಶುರುವಾಯ್ತು. 13ಕ್ಕೆ ಯುಗಾದಿ. ಹಬ್ಬ ಬಂತು, ಬಸ್ಸು ಸರಿಯಾಗಿ ಬರಲಿಲ್ಲ. ಹಾಸ್ಟೆಲ್ ಹುಡುಗರು, ಐಟಿ ಕಂಪನಿಯವರು, ಬಾಣಂತಿ ಮಗಳನ್ನ ನೋಡೋಕೆ ಬಂದ ತಾಯಂದಿರು, ಎಲ್ಲರೂ ಬಸ್ ನಿಲ್ದಾಣದಲ್ಲಿ ಒಂದೇ ಜಾತಿ ಆದರು. ಊರಿಗೆ ಹೋಗಲಾರದವರ ಜಾತಿ.

ಈಗ ಸರ್ಕಾರಕ್ಕೆ ಒಂದು ಮಾತು. ಚೀಲ ಕಟ್ಟಿಕೊಳ್ಳಿ ಅಂತ ಜನಕ್ಕೆ ಹೇಳಿದ ಮಾತ್ರಕ್ಕೆ ನಿಮ್ಮನ್ನ ಬಿಟ್ಟೆ ಅಂದುಕೊಳ್ಳಬೇಡಿ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲಿ ಏನಿತ್ತು? ಕರೆದುಕೊಂಡು ಹೋಗೋ ಗುತ್ತಿಗೆದಾರ ಹೋಗೋ ಖರ್ಚು, ಬರೋ ಖರ್ಚು ಎರಡೂ ಕೊಡಬೇಕು ಅಂತಿತ್ತು. ಆದರೆ ಅದು ರಾಜ್ಯದ ಗಡಿ ದಾಟಿದವರಿಗೆ. ತಳಕಲ್‌ನಿಂದ ಗೋವಾಕ್ಕೆ ಹೋದವನು ಲೆಕ್ಕಕ್ಕೆ ಬರ್ತಿದ್ದ, ಬೆಂಗಳೂರಿಗೆ ಹೋದವನು ಬರ್ತಿರಲಿಲ್ಲ. ಕಾಲಿನ ನೋವಿಗೆ ರಾಜ್ಯದ ಗಡಿ ಗೊತ್ತಾಗುತ್ತಾ ಸ್ವಾಮಿ? 2020ರ ಮೇ ಮೊದಲ ವಾರ ಮೆಜೆಸ್ಟಿಕ್‌ನಲ್ಲಿ ಬಸ್ಸು ಬಿಟ್ಟಾಗ ಮೊದಲು ಕೇಳಿದ್ದು ದುಪ್ಪಟ್ಟು ದರ. ರಾಜ್ಯವೇ ಛೀ ಅಂದ ಮೇಲೆ ಉಚಿತ ಮಾಡಿದರು. ಕೊಟ್ಟಿದ್ದು ಒಳ್ಳೇದೇ. ಆದರೆ ಲಾಕ್‌ಡೌನ್ ಶುರುವಾಗಿ ಆಗಲೇ ಐದು ವಾರ ದಾಟಿತ್ತು. ಅಷ್ಟರೊಳಗೆ ಬೆಂಗಳೂರಿನಿಂದ ಸಿಂಧನೂರಿನ ಕಡೆ ಹೊರಟಿದ್ದ ಕಟ್ಟಡ ಕಾರ್ಮಿಕ ಹೆಣ್ಣುಮಗಳೊಬ್ಬಳು ಬಳ್ಳಾರಿಯಲ್ಲೇ ಉಸಿರು ಬಿಟ್ಟಿದ್ದಳು.

ಚೀಲದಲ್ಲಿ ರೊಟ್ಟಿ ಇಡಬಹುದು, ಚೀಟಿ ಇಡಬಹುದು, ಚಪ್ಪಲಿ ಇಡಬಹುದು. ಬಸ್ಸು ಇಡೋಕಾಗಲ್ಲ. ಅದನ್ನ ಸರ್ಕಾರವೇ ಸಿದ್ಧ ಇಟ್ಟುಕೊಂಡಿರಬೇಕು, ನಾಲ್ಕು ಗಂಟೆಯ ಗಡುವು ಕೊಡೋದಕ್ಕೆ ಮುಂಚೆ.

ಅಲ್ಲಿವರೆಗೂ ನಮ್ಮ ಕೈಲಾಗೋದನ್ನ ನಾವು ಮಾಡೋಣ. ಇವತ್ತು ರಾತ್ರಿ ಮಲಗೋ ಮುಂಚೆ ಒಂದು ಕಾಗದ ತಗೊಳ್ಳಿ, ಐದು ನಂಬರ್ ಬರೆಯಿರಿ. ಚೀಲ ಆಮೇಲೆ ತುಂಬಿದರೂ ಆಯ್ತು.