ಕಾಡಿನ ಪಾಲು

ನಮ್ಮ ಹಳೆಯ ಮಹಾಕಾವ್ಯಗಳಲ್ಲಿ ಅಷ್ಟಾದಶ ವರ್ಣನೆಗಳೆಂಬ ಕಟ್ಟಳೆಯೊಂದುಂಟು. ಅದರಲ್ಲಿ ಪರ್ವತಕ್ಕೆ ಸ್ಥಾನವಿದೆ, ಉದ್ಯಾನವಿಹಾರಕ್ಕೆ ಸ್ಥಾನವಿದೆ, ಮಧುಪಾನಕ್ಕೂ ಇದೆ. ಆದರೆ ಬೆಟ್ಟದ ಬಂಡೆಯಿಂದ ಜೇನಿಳಿಸುವವನಿಗಾಗಲಿ, ನೆಲ ಬಗೆದು ಗೆಣಸು ತೆಗೆಯುವವಳಿಗಾಗಲಿ ಆ ಪಟ್ಟಿಯಲ್ಲಿ ಎಡೆಯಿಲ್ಲ. ಕಾಡನ್ನು ನೋಡಿ ಹಿಗ್ಗುವವರು ಕಾವ್ಯ ಬರೆದರು. ಕಾಡನ್ನು ಉಂಡು ಬದುಕಿದವರು ಕಾವ್ಯದ ಹೊರಗೇ ಉಳಿದರು. ಹೀಗೆ ಹೊರಗುಳಿದವರಲ್ಲಿ ಒಬ್ಬರಾದ ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಚಾಮರಾಜನಗರ ಜಿಲ್ಲೆಯ ಈ ಬೆಟ್ಟಸಾಲು ಪಶ್ಚಿಮ ಘಟ್ಟಕ್ಕೂ ಪೂರ್ವ ಘಟ್ಟಕ್ಕೂ ಸೇತುವೆಯಂತಿದೆ. ಇಲ್ಲಿಯ ಸೋಲಿಗರು ಆಡುವ ನುಡಿ ಕನ್ನಡಕ್ಕೆ ಹತ್ತಿರದ ಬಂಧು. ಅವರ ಕಾಡು ಬರಿಯ ಮರಗಿಡಗಳ ಗುಂಪಲ್ಲ, ದೇವರುಗಳ ನೆಲೆ. ಪ್ರತಿ ಕುಲಕ್ಕೂ ತನ್ನದೇ ಎಲ್ಲೆಯುಂಟು. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರ, ಕಲ್ಲುಗುಡಿ, ಅಬ್ಬಿ ಎಂದು ಗುರುತಿಸಿದ ತಾಣಗಳುಂಟು. ಭಾರ್ಗವಿ ಹೊಳೆಯ ದಡದಲ್ಲಿ ಶತಮಾನಗಳನ್ನು ಕಂಡ ದೊಡ್ಡಸಂಪಿಗೆಯ ಮರವೇ ಅವರಿಗೆ ದೇವಸ್ಥಾನ. ಬೆಟ್ಟದ ಒಡೆಯ ರಂಗಸ್ವಾಮಿಯಂತೂ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಒಲಿದು ಮದುವೆಯಾದವನು. ಆದುದರಿಂದ ಅವನು ಅವರಿಗೆ ಭಾವನಾಗಬೇಕು. ದೇವರನ್ನು ಭಾವನೆಂದು ಕರೆಯುವ ಜನ ಅವನ ಕಾಡಿಗೆ ಹೋಗುವುದು ನೆಂಟರ ಮನೆಗೆ ಹೋದಂತೆ. ನೆಂಟರ ಮನೆಯಲ್ಲಿ ಊಟ ಮಾಡಬಹುದು, ಕಣಜವನ್ನು ಬರಿದುಮಾಡುವಂತಿಲ್ಲ.

ಇದನ್ನು ಕೇಳಿದಾಗ ನಾವು ಪಟ್ಟಣಿಗರು ಸುಂದರವಾದ ನಂಬಿಕೆಯೆಂದು ತಲೆದೂಗಿ ಸುಮ್ಮನಾಗುತ್ತೇವೆ. ನಂಬಿಕೆ ಒಂದು ಕಡೆ, ಬದುಕಿನ ಲೆಕ್ಕಾಚಾರ ಇನ್ನೊಂದು ಕಡೆ ಎಂಬುದು ನಮ್ಮ ರೂಢಿ. ಸೋಲಿಗರಲ್ಲಿ ಇವೆರಡೂ ಬೇರೆಯಲ್ಲ. ಆ ನಂಬಿಕೆಯೇ ಅವರ ಲೆಕ್ಕದ ಪುಸ್ತಕ.

ಜೇನನ್ನೇ ನೋಡಿ. ಹೆಜ್ಜೇನು ಎತ್ತರದ ಮರಗಳಲ್ಲಿಯೂ ಕಡಿದಾದ ಬಂಡೆಗಳಲ್ಲಿಯೂ ಹುಟ್ಟು ಕಟ್ಟುತ್ತದೆ. ಬೇಸಗೆಯಲ್ಲಿ, ಇರುಳಿನ ಕತ್ತಲಲ್ಲಿ, ಹೊಗೆಯ ಸೂಡಿ ಹಿಡಿದು ಸೋಲಿಗರು ಅದನ್ನು ಇಳಿಸುತ್ತಾರೆ. ಇಳಿಸಿದ್ದರಲ್ಲಿ ಒಂದು ತುಂಡನ್ನು ನೆಲದ ಮೇಲೆ ಹುಲಿಗೆಂದು ಬಿಡುವ ವಾಡಿಕೆಯುಂಟು. ಹುಲಿಗೆ ಮರ ಹತ್ತಿ ಜೇನು ಕೀಳಲು ಬಾರದು ಎಂಬುದು ಅವರು ಕೊಡುವ ಕಾರಣ. ಹುಲಿ ಜೇನು ತಿನ್ನುತ್ತದೆಯೇ ಎಂಬುದು ಇಲ್ಲಿ ಮುಖ್ಯವಲ್ಲ. ದಕ್ಕಿದ್ದೆಲ್ಲವೂ ತನ್ನದಲ್ಲ, ಅದರಲ್ಲಿ ಕಾಣದವರ ಪಾಲೂ ಇದೆ ಎಂಬ ಎಣಿಕೆ ಮುಖ್ಯ. ಕನ್ನಡದ ‘ಪಾಲು’ ಎಂಬ ಪುಟ್ಟ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಯಾವ ನಿಘಂಟಿನಲ್ಲಿಯೂ ಕಂಡಿಲ್ಲ.

ನೆಲ್ಲಿಯ ಮರದ ಕಥೆ ಇನ್ನೂ ಬೋಧಪ್ರದವಾದುದು. ಆ ಮರಕ್ಕೆ ಬಂದಳಿಕೆಯ ಕಾಟ ಬಹಳ. ಸೋಲಿಗರು ಬಂದಳಿಕೆಯನ್ನು ‘ಉಪ್ಪಿಲು’ ಎನ್ನುತ್ತಾರೆ. ಹಿಂದೆ ಅವರು ವರ್ಷದ ಮೊದಲ ತಿಂಗಳುಗಳಲ್ಲಿ, ಹುಲ್ಲು ಪೂರ್ತಿ ಒಣಗುವ ಮುನ್ನ, ಉದುರಿದ ಎಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ಅದಕ್ಕೆ ‘ತರಗು ಬೆಂಕಿ’ ಎಂದು ಹೆಸರು. ನೆಲದ ಮೇಲೆ ಹರಿದುಹೋಗುವ ಆ ಬೆಂಕಿ ದೊಡ್ಡ ಮರಗಳನ್ನು ಸುಡುತ್ತಿರಲಿಲ್ಲ. ಉಪ್ಪಿಲನ್ನೂ ಪೊದೆಯನ್ನೂ ಹತೋಟಿಯಲ್ಲಿಡುತ್ತಿತ್ತು. 1974ರಲ್ಲಿ ಈ ಕಾಡು ಅಭಯಾರಣ್ಯವಾಯಿತು. ಅಲೆಮಾರಿ ಬೇಸಾಯ ನಿಂತಿತು, ಜನ ಪೋಡುಗಳಲ್ಲಿ ನೆಲೆನಿಂತರು, ಬೆಂಕಿಯೂ ಅಪರಾಧವಾಯಿತು. ಬೆಂಕಿ ನಿಂತ ಮೇಲೆ ಉಪ್ಪಿಲು ಹೆಚ್ಚಿತು, ಲಂಟಾನ ಹಬ್ಬಿತು ಎಂದು ಸೋಲಿಗರ ಹಿರಿಯರು ಹೇಳುತ್ತ ಬಂದರು. ಬಹುಕಾಲ ಯಾರೂ ಕಿವಿಗೊಡಲಿಲ್ಲ. ಈಚಿನ ವರ್ಷಗಳಲ್ಲಿ ವಿಜ್ಞಾನಿಗಳೇ ಅವರ ಮಾತನ್ನು ಬರೆದುಕೊಂಡು, ಪರೀಕ್ಷಿಸಿ ನೋಡಬೇಕಾದ ತಿಳಿವಳಿಕೆಯೆಂದು ಒಪ್ಪಿದ್ದಾರೆ.

ಅವರು ಏನು ಮಾಡಿದರೂ ಸರಿಯೆಂದು ಹೇಳಲು ನಾನು ಹೊರಟಿಲ್ಲ. ಹೊಟ್ಟೆಗೆಂದು ಹುಟ್ಟಿದ ಕಟ್ಟುಪಾಡು ಸಂತೆಯ ಭಾರವನ್ನು ಹೊರುವುದು ಕಷ್ಟ. ಮಾಗಳಿ ಬೇರನ್ನು ನೆನೆಯಿರಿ. ಹಣ್ಣು ಕೊಯ್ದರೆ ಮರ ಉಳಿಯುತ್ತದೆ; ಬೇರು ಅಗೆದರೆ ಬಳ್ಳಿಯ ಬುಡಕ್ಕೇ ಏಟು. ಕಾಡಿನಲ್ಲಿ ಅದನ್ನು ಅಗೆಯುವ ಕೈ ಯಾರದಾದರೂ ಆಗಲಿ, ಆ ಕೈಯನ್ನು ಅವಸರಪಡಿಸುವುದು ನಮ್ಮ ಮನೆಗಳ ಉಪ್ಪಿನಕಾಯಿಯ ಜಾಡಿ. ಜಾಡಿ ತುಂಬಿಸಿಕೊಂಡು ಕಾಡು ಬರಿದಾಯಿತೆಂದು ಬುಡಕಟ್ಟಿನವರನ್ನು ದೂರುವುದು ನ್ಯಾಯವಲ್ಲ.

2002ರಲ್ಲಿ ವನ್ಯಜೀವಿ ಕಾಯಿದೆಗೆ ಬಂದ ತಿದ್ದುಪಡಿಯ ತರುವಾಯ, ಮಾರಾಟಕ್ಕಾಗಿ ಕಾಡಿನಿಂದ ಜೇನು, ನೆಲ್ಲಿ, ಪಾಸಿಗಳನ್ನು ತರುವುದಕ್ಕೆ ಇಲ್ಲಿ ತಡೆಬಿತ್ತು. ನೆಂಟನಾಗಿ ಹೋಗುತ್ತಿದ್ದವನು ಒಂದೇ ದಿನದಲ್ಲಿ ಕಳ್ಳನಾದ. 2006ರ ಅರಣ್ಯ ಹಕ್ಕು ಕಾಯಿದೆ ಇದಕ್ಕೆ ಪರಿಹಾರ ತೋರಿಸಿತು. 2011ರ ಜನವರಿಯಲ್ಲಿ ಕಾಡು ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಾಮೂಹಿಕ ಹಕ್ಕುಪತ್ರಗಳು ದೊರೆತವು. ಹುಲಿ ಮೀಸಲಿನೊಳಗೆ ಬುಡಕಟ್ಟಿನ ಜನರಿಗೆ ಇಂಥ ಹಕ್ಕು ಸಂದದ್ದು ದೇಶದಲ್ಲಿಯೇ ಗಮನಿಸಬೇಕಾದ ಘಟನೆ.

ಹಕ್ಕು ಕಾಗದದ ಮೇಲೆ ಬಂದಿದೆ. ಆದರೆ ಹಕ್ಕನ್ನು ಬಳಸುವ ಅರಿವು ಕಾಗದದಲ್ಲಿ ಉಳಿಯುವಂಥದಲ್ಲ; ಕಾಲು ಕಾಡಿನಲ್ಲಿ ನಡೆದರೆ ಮಾತ್ರ ಅದು ಉಳಿಯುತ್ತದೆ. ಯಾವ ಬಳ್ಳಿಯ ಬುಡದಲ್ಲಿ ನೂರೆಗೆಣಸು ಇದೆ, ಎಷ್ಟು ತೆಗೆದು ಎಷ್ಟು ಬಿಡಬೇಕು, ಯಾವ ತಿಂಗಳಲ್ಲಿ ಯಾವ ಸೊಪ್ಪು ಎಳೆಯದು ಎಂಬುದನ್ನು ಅಜ್ಜಿಯ ಬೆನ್ನ ಹಿಂದೆ ನಡೆದ ಮಗು ಕಲಿಯುತ್ತದೆ. ಒಂದು ತಲೆಮಾರು ಕಾಡಿಗೆ ಹೋಗದೆ ಬೆಳೆದರೆ ಮೊದಲು ಮರೆಯಾಗುವುದು ಗಿಡವಲ್ಲ, ಗಿಡದ ಹೆಸರು. ಹೆಸರು ಹೋದ ಗಿಡ ಬರಿಯ ಪೊದೆ; ಪೊದೆಯನ್ನು ಕಡಿಯಲು ಯಾರ ಕೈಯೂ ಅಳುಕುವುದಿಲ್ಲ.

ಕನ್ನಡದ ಪಾಠ ಹೇಳಿ ಬಾಳಿದ ನನಗೆ ಇದು ಭಾಷೆಯ ನಷ್ಟವಾಗಿಯೂ ಕಾಣುತ್ತದೆ. ಉಪ್ಪಿಲು, ತರಗು ಬೆಂಕಿ, ಎಲ್ಲೆ, ನೂರೆ — ಇವು ಬರಿಯ ಪದಗಳಲ್ಲ. ಕಾಡನ್ನು ಕೆಡಿಸದೆ ಉಣ್ಣುವ ವಿದ್ಯೆಯ ಸೂತ್ರಗಳು. ಈ ಪದಗಳನ್ನು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಕಾಡನ್ನು ಕಾಯುವ ಯಾವ ಯೋಜನೆಯೇ ಆಗಲಿ, ಅವರ ಜಗಲಿಯ ಮೇಲೆ ಕುಳಿತು, ಅವರ ಮಾತು ಕೇಳಿದ ಮೇಲೆಯೇ ಮೊದಲಾಗಲಿ. ಹುಲಿಗೆ ಪಾಲು ಇಡುವವರಿಗೆ ಕಾಡಿನಲ್ಲಿ ಪಾಲಿಲ್ಲವೆಂದರೆ ಅದು ಧರ್ಮವಾಗದು.