ಚಾವಡಿಯ ಕಾಗದ

ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿ ಬೆಳವಣಕಿ ಎಂಬುದೊಂದು ಊರು. ಕರಿಮಣ್ಣಿನ ಸೀಮೆ, ಜೋಳ, ಕಡಲೆ, ಹತ್ತಿಗಳನ್ನು ಬೆಳೆಯುವ ನಾಡು. ಆ ಊರಿನ ಚಾವಡಿಯ ಗೋಡೆಗೆ ಸರ್ಕಾರದ ಕಾಗದವೊಂದನ್ನು ಅಂಟಿಸಿದ್ದಾರೆ ಎಂದು ಭಾವಿಸೋಣ. ಕಾಗದ ಕನ್ನಡದಲ್ಲಿಯೇ ಇದೆ. ಕನ್ನಡ ಓದಬಲ್ಲವರು ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಒಬ್ಬನು ನಿಂತು ಓದುತ್ತಾನೆ. ಕಟ್ಟೆಯ ಮೇಲೆ ಕುಳಿತ ಹಿರಿಯರೊಬ್ಬರು, "ಏನಂತೋ ತಮ್ಮಾ ಅದು?" ಎಂದು ಕೇಳುತ್ತಾರೆ. ಓದಿದವನು, "ಏನೋ ಹೊಲದ ಬಾಬತ್ತು ಬರದಾರ್ರಿ ಯಜ್ಜಾ" ಎಂದು ಹೇಳಿ ತನ್ನ ಕೆಲಸಕ್ಕೆ ಹೋಗುತ್ತಾನೆ. ಅಕ್ಷರ ತಿಳಿಯಿತು, ಅರ್ಥ ತಿಳಿಯಲಿಲ್ಲ. ಈ ಹೊತ್ತು ನಾನು ತಮ್ಮೊಡನೆ ಆಡಬೇಕೆಂದಿರುವ ನಾಲ್ಕು ಮಾತುಗಳು ಈ ಎರಡರ ನಡುವಣ ಅಂತರವನ್ನು ಕುರಿತವು.

ಕಾಯಿದೆ ನನಗೆ ತಿಳಿದಿರಲಿಲ್ಲ ಎಂಬ ಮಾತು ನ್ಯಾಯಾಲಯದಲ್ಲಿ ಸಲ್ಲುವುದಿಲ್ಲ. ಇದು ಎಲ್ಲರೂ ಬಲ್ಲ ಸೂತ್ರ. ಪ್ರತಿಯೊಬ್ಬನೂ ತನಗೆ ತಿಳಿದಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವುದಾದರೆ ರಾಜ್ಯ ನಡೆಯದು. ಆದರೆ ಈ ಸೂತ್ರಕ್ಕೆ ಇನ್ನೊಂದು ಮುಖವುಂಟು. ೧೯೨೩ರ ಡಿಸೆಂಬರಿನಲ್ಲಿ ಜೈಪುರ ಸಂಸ್ಥಾನದ ಮಂತ್ರಿಮಂಡಲವು ಅಫೀಮಿನ ಬಗ್ಗೆ ಒಂದು ಕಾಯಿದೆಯನ್ನು ಠರಾವಿನ ಮೂಲಕ ಅಂಗೀಕರಿಸಿತು. ಅದನ್ನು ಗೆಜೆಟ್ಟಿನಲ್ಲಿ ಅಚ್ಚುಹಾಕಲಿಲ್ಲ. ಜನಕ್ಕೆ ಸಾರಲೂ ಇಲ್ಲ. ಬಹುಕಾಲದ ಮೇಲೆ ಹರ್ಲಾ ಎಂಬವನಿಗೆ ಆ ಕಾಯಿದೆಯ ಮೇರೆಗೆ ಶಿಕ್ಷೆಯಾಯಿತು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ೧೯೫೧ರಲ್ಲಿ ಆ ನ್ಯಾಯಾಲಯವು, ಜನರಿಗೆ ತಿಳಿಯುವ ಅವಕಾಶವನ್ನೇ ಕೊಡದೆ ಕೋಣೆಯೊಳಗೆ ಮಾಡಿದ ಕಾಯಿದೆ ಕಾಯಿದೆಯೇ ಅಲ್ಲ ಎಂಬ ಅಭಿಪ್ರಾಯದಿಂದ ಆ ಶಿಕ್ಷೆಯನ್ನು ರದ್ದುಮಾಡಿತು. ತಿಳಿದುಕೊಳ್ಳುವುದು ಪ್ರಜೆಯ ಹೊಣೆಯಾದರೆ ತಿಳಿಸುವುದು ಸರ್ಕಾರದ ಹೊಣೆ. ಮೊದಲನೆಯದು ಎರಡನೆಯದರ ಮೇಲೆ ನಿಂತಿದೆ. ಪ್ರಕಟಿಸದ ಕಾಯಿದೆಗೆ ಬಲವಿಲ್ಲವೆಂಬುದು ಇತ್ಯರ್ಥವಾದ ಮಾತು. ಹಾಗಾದರೆ ಪ್ರಕಟಿಸಿಯೂ ತಿಳಿಯದಂತೆ ಬರೆದ ಕಾಗದದ ಗತಿಯೇನು? ಅದಕ್ಕೆ ಕಾನೂನಿನಲ್ಲಿ ಬಲವುಂಟು. ಅದರಿಂದ ಬರುವ ನಷ್ಟವು ಬರೆದವನಿಗೆ ತಟ್ಟುವುದಿಲ್ಲ, ಓದಲಾರದವನಿಗೆ ತಟ್ಟುತ್ತದೆ.

ನಮ್ಮ ಹಿಂದಿನವರು ಈ ಕೆಲಸವನ್ನು ಹೇಗೆ ಮಾಡುತ್ತಿದ್ದರೆಂಬುದಕ್ಕೆ ಅದೇ ಸೀಮೆಯಲ್ಲಿ ಸಾಕ್ಷಿಯಿದೆ. ಗಜೇಂದ್ರಗಡದ ಸಮೀಪದಲ್ಲಿ ಸೂಡಿ ಎಂಬ ಊರುಂಟು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಮನೆತನದ ಅಕ್ಕಾದೇವಿಯು ಆ ಪ್ರಾಂತವನ್ನು ಆಳುತ್ತಿದ್ದಾಗ, ಯುದ್ಧದಿಂದ ಕೆಟ್ಟುಹೋಗಿದ್ದ ಊರಿನ ಕಟ್ಟಳೆಯನ್ನು ಅಲ್ಲಿನ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಮತ್ತೆ ಮಾಡಿಕೊಟ್ಟ ಸಂಗತಿ ಅಲ್ಲಿಯ ಶಾಸನದಲ್ಲಿದೆ. ಇಂತಹ ಶಾಸನಗಳನ್ನು ಓದಿದವರಿಗೆ ಒಂದು ವಿಶೇಷ ಗೋಚರವಾಗುತ್ತದೆ. ಅರಸನ ಬಿರುದುಗಳನ್ನು ಹೇಳುವಾಗ ಮಾತು ಸಂಸ್ಕೃತದ ಆಡಂಬರದಿಂದ ಮೆರೆಯುತ್ತದೆ. ಹೊಲದ ಗಡಿ, ಮತ್ತರಿನ ಲೆಕ್ಕ, ತೆರಬೇಕಾದ ತೆರಿಗೆ ಇವುಗಳಿಗೆ ಬಂದೊಡನೆ ಅದೇ ಮಾತು ಒಕ್ಕಲಿಗನ ಅಂಗಳಕ್ಕೆ ಇಳಿಯುತ್ತದೆ: ಮೂಡಲಲ್ಲಿ ಹಳ್ಳ, ತೆಂಕಲಲ್ಲಿ ನಟ್ಟ ಕಲ್ಲು, ಹೀಗೆ. ಹೊಗಳಿಕೆ ಯಾರಿಗೆ ತಿಳಿಯದಿದ್ದರೂ ಬಾಧಕವಿಲ್ಲ, ಗಡಿ ಎಲ್ಲರಿಗೂ ತಿಳಿಯಬೇಕು ಎಂಬ ವಿವೇಕ ಆ ಬರೆಹಗಾರರಿಗಿತ್ತು. ಇಂದಿನ ನೋಟೀಸಿನಲ್ಲಿ ಬಿರುದಾವಳಿ ಹೋಗಿದೆ. ಅದರ ಕಾಠಿಣ್ಯವು ಗಡಿಯ ಭಾಗಕ್ಕೆ ಬಂದು ಸೇರಿಕೊಂಡಿದೆ.

ನಡುವೆ ನಡೆದದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ೧೮೧೮ರಲ್ಲಿ ಪೇಶವೆಯರ ಆಳ್ವಿಕೆ ಮುಗಿದ ಮೇಲೆ ಧಾರವಾಡ ಸೀಮೆ ಇಂಗ್ಲಿಷರ ಕೈಸೇರಿತು. ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಮರಾಠಿಯೇ ಮುಂದಾಗಿತ್ತು. ವಾಲ್ಟರ್ ಎಲಿಯಟ್, ಡೆಪ್ಯುಟಿ ಚನ್ನಬಸಪ್ಪನವರು ಮೊದಲಾದವರ ಶ್ರಮದಿಂದ ಕನ್ನಡವು ಶಾಲೆಯನ್ನು ಹೊಕ್ಕಿತು. ೧೮೯೦ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ೧೯೫೬ರಲ್ಲಿ ಆ ಸೀಮೆ ಮೈಸೂರು ರಾಜ್ಯದೊಡನೆ ಕೂಡಿತು. ೧೯೬೩ರ ಕಾಯಿದೆಯಿಂದ ಕನ್ನಡ ಆಡಳಿತ ಭಾಷೆಯಾಯಿತು. ಇದು ಸಣ್ಣ ಗೆಲುವಲ್ಲ. ಆದರೆ ಕಚೇರಿಗೆ ಕನ್ನಡ ಬಂದಾಗ ಇಂಗ್ಲಿಷಿನ ವಾಕ್ಯದ ಎಲುಬುಗಳ ಮೇಲೆ ಪಾರಸಿಯ ಮಾಂಸವನ್ನೂ ಸಂಸ್ಕೃತದ ಚರ್ಮವನ್ನೂ ಹೊದಿಸಿದ ಒಂದು ವಿಚಿತ್ರ ಶರೀರ ಸಿದ್ಧವಾಯಿತು. ಅದರ ಒಂದು ಮಾದರಿಯನ್ನು ನಾನೇ ಕಟ್ಟಿ ತಮಗೆ ಓದಿಹೇಳುತ್ತೇನೆ. ಕಚೇರಿಯ ಕಾಗದ ಕಂಡವರಿಗೆ ಈ ಧಾಟಿ ಹೊಸದಾಗಿರಲಾರದು:

"ಸದರಿ ಗ್ರಾಮದ ಮೇಲ್ಕಂಡ ಸರ್ವೆ ನಂಬರಿನ ಸ್ವತ್ತಿಗೆ ಸಂಬಂಧಿಸಿದಂತೆ, ಮೃತ ಖಾತೆದಾರರ ವಾರಸುದಾರರ ಹೆಸರುಗಳನ್ನು ದಾಖಲಿಸುವ ಬಗ್ಗೆ ಸಲ್ಲಿಕೆಯಾಗಿರುವ ವರದಿಯ ಮೇರೆಗೆ ಹಕ್ಕು ಬದಲಾವಣೆ ವಹಿಯಲ್ಲಿ ನಮೂದಿಸಲಾಗಿದ್ದು, ಹಿತಾಸಕ್ತಿಯುಳ್ಳವರು ನಿಗದಿತ ಅವಧಿಯೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ತಕರಾರು ಇರುವುದಿಲ್ಲವೆಂದು ಭಾವಿಸಿ ನಿಯಮಾನುಸಾರ ಮುಂದಿನ ಕ್ರಮ ಜರುಗಿಸಲಾಗುವುದು."

ಇದರಲ್ಲಿ ಸುಳ್ಳಿಲ್ಲ, ವ್ಯಾಕರಣದ ದೋಷವೂ ಇಲ್ಲ. ಇದನ್ನು ತಿಳಿಗನ್ನಡಕ್ಕೆ ತರಲು ಪ್ರಯತ್ನಿಸೋಣ.

"ಬೆಳವಣಕಿಯ ಈ ಹೊಲ ಇಂಥವರ ಹೆಸರಿನಲ್ಲಿತ್ತು. ಅವರು ತೀರಿಕೊಂಡಿದ್ದಾರೆ. ಉತಾರದಲ್ಲಿ ಅವರ ಇಬ್ಬರು ಗಂಡುಮಕ್ಕಳ ಹೆಸರನ್ನು ಬರೆಯಬೇಕೆಂದು ಕೇಳಿದ್ದಾರೆ. ಈ ಹೊಲದಲ್ಲಿ ನಿಮಗೂ ಪಾಲಿದ್ದರೆ, ಇಂಥ ತಾರೀಖಿನೊಳಗೆ ಇಂಥ ಕಚೇರಿಯಲ್ಲಿ ಬರೆದುಕೊಡಿ. ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ. ನೀವು ಬರೆದುಕೊಡದಿದ್ದರೆ, ನಿಮ್ಮ ತಕರಾರು ಇಲ್ಲವೆಂದು ತಿಳಿದು ಈ ಇಬ್ಬರ ಹೆಸರನ್ನೇ ಬರೆಯುತ್ತೇವೆ."

ಮೈಸೂರು ಕಡೆಯವರು ಪಹಣಿ ಎನ್ನುವುದನ್ನು ಆ ಸೀಮೆಯವರು ಉತಾರ ಎನ್ನುತ್ತಾರೆ. ನಾವು ಹರಾಜು ಎನ್ನುವುದು ಅವರಿಗೆ ಲಿಲಾವು. ತಿಳಿಗನ್ನಡವೆಂದರೆ ಎಲ್ಲ ಊರಿಗೂ ಒಂದೇ ಅಳತೆಯ ಅಂಗಿಯಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿಯೊಂದನ್ನು ತಾವು ಗಮನಿಸಿರಬಹುದು. ಸುಲಭವಾಗಿ ಬರೆಯಹೊರಟೊಡನೆ ಮೊದಲಿನ ಕಾಗದದಲ್ಲಿ ಇಲ್ಲದಿದ್ದ ಎಷ್ಟೋ ವಿಷಯಗಳು ಬೇಕಾದವು. ಯಾರ ಹೆಸರು? ಯಾವ ತಾರೀಖು? ಯಾವ ಕಚೇರಿ? "ನಿಗದಿತ ಅವಧಿ" ಎಂದರೆ ಬರೆದವನಿಗೆ ಗೊತ್ತು. ಓದುವವನಿಗೆ ಅದು ನಿಗದಿಯಾದಂತೆ ಆಗಲಿಲ್ಲ. ಕಾನೂನಿನ ಭಾಷೆ ಖಚಿತವಾಗಿರಬೇಕು, ಆದ್ದರಿಂದ ಕಠಿಣವಾಗುತ್ತದೆ ಎಂದು ಅಧಿಕಾರಿಗಳು ಹೇಳುವುದುಂಟು. ಕೆಲವೆಡೆ ಈ ಮಾತು ನಿಜ. ಆದರೆ ಒಂದು ತಾರೀಖಿಗಿಂತ "ನಿಗದಿತ ಅವಧಿ" ಎಂಬುದು ಹೆಚ್ಚು ಖಚಿತವೆ? ಇಲ್ಲಿ ಕಾಠಿಣ್ಯವು ಖಚಿತತೆಯ ವೇಷವನ್ನು ತೊಟ್ಟುಕೊಂಡಿದೆ, ಅಷ್ಟೆ.

ಈ ಕಾಗದದಿಂದ ಯಾರಿಗೆ ಏನು ಹೋಗುತ್ತದೆ? ತೀರಿಕೊಂಡವರಿಗೆ ಒಬ್ಬ ಮಗಳೂ ಇದ್ದಾಳೆ ಎನ್ನೋಣ. ಅವಳನ್ನು ನವಲಗುಂದಕ್ಕೆ ಕೊಟ್ಟಿದೆ. ೧೯೯೪ರ ಕರ್ನಾಟಕದ ತಿದ್ದುಪಡಿಯೂ ೨೦೦೫ರ ಕೇಂದ್ರದ ತಿದ್ದುಪಡಿಯೂ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನ ಹಾಗೆಯೇ ಹಕ್ಕನ್ನು ಕೊಟ್ಟಿವೆ. ಆ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು ೨೦೨೦ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ೧೯೬೪ರ ಭೂಕಂದಾಯ ಕಾಯಿದೆಯ ಪ್ರಕಾರ ಹಕ್ಕು ಬದಲಾವಣೆಯ ನಕಲನ್ನು ಚಾವಡಿಯಲ್ಲಿ ಹಚ್ಚಬೇಕು. ದಾಖಲೆಯಿಂದ ಸಂಬಂಧವುಳ್ಳವರೆಂದು ತೋರುವ ಎಲ್ಲರಿಗೂ ಬರೆಹದಲ್ಲಿ ತಿಳಿಸಬೇಕು. ನಿಯಮ ಒಳ್ಳೆಯದೇ. ಆದರೆ ಆ ಮಗಳ ಹೆಸರು ಯಾವ ದಾಖಲೆಯಲ್ಲಿಯೂ ಇಲ್ಲದಿದ್ದರೆ ಅವಳಿಗೆ ಪತ್ರ ಹೋಗುವುದಿಲ್ಲ. ಬೆಳವಣಕಿಯ ಚಾವಡಿಯ ಗೋಡೆ ನವಲಗುಂದಕ್ಕೆ ಕಾಣುವುದೂ ಇಲ್ಲ. ಚಾವಡಿಯ ಮುಂದೆ ನಿಂತು ಓದಿದವನಿಗೆ ಅರ್ಥವಾಗಿದ್ದರೆ ಅವಳಿಗೆ ಸುದ್ದಿ ಮುಟ್ಟುತ್ತಿತ್ತು. ಅವನಿಗೆ ಅದು "ಏನೋ ಹೊಲದ ಬಾಬತ್ತು" ಆಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸಬೇಕು. ಉತಾರದಲ್ಲಿ ಹೆಸರು ಏರಿದ ಮಾತ್ರಕ್ಕೆ ಒಡೆತನ ಹುಟ್ಟುವುದಿಲ್ಲ. ಹೆಸರು ಬಿಟ್ಟುಹೋದ ಮಾತ್ರಕ್ಕೆ ಸಾಯುವುದೂ ಇಲ್ಲ. ಆದರೆ ವಿರುದ್ಧವಾದದ್ದು ರುಜುವಾತಾಗುವವರೆಗೆ ದಾಖಲೆಯಲ್ಲಿರುವುದೇ ನಿಜವೆಂದು ಕಾಯಿದೆ ಭಾವಿಸುತ್ತದೆ. ಮೊದಲೇ ಒಂದು ಚೀಟಿ ಬರೆದುಕೊಟ್ಟಿದ್ದರೆ ಆಗುತ್ತಿದ್ದ ಕೆಲಸಕ್ಕೆ ಆಮೇಲೆ ಉಪವಿಭಾಗದ ಅಧಿಕಾರಿಗೆ ಅಪೀಲು ಬೇಕು. ಅದಕ್ಕೂ ಅರವತ್ತು ದಿನಗಳ ಮಿತಿಯುಂಟು. ಒಡೆತನದ ವಿವಾದವೇ ಎದ್ದರೆ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಬೇಕು. ಅರ್ಥವಾಗದ ಒಂದು ವಾಕ್ಯದ ಬೆಲೆ ವಕೀಲರ ಫೀಜು, ಬಸ್ಸಿನ ಖರ್ಚು, ಅಣ್ಣತಮ್ಮಂದಿರೊಡನೆ ವರ್ಷಗಟ್ಟಲೆಯ ವೈಮನಸ್ಯ.

ದಿನಗಳ ಲೆಕ್ಕದ ಬಗೆಗೆ ಇನ್ನೊಂದು ಮಾತು. ಭೂಮಿಯನ್ನು ಸರ್ಕಾರ ತೆಗೆದುಕೊಳ್ಳುವಾಗ ಹೊರಡಿಸುವ ಕಾಗದಕ್ಕೆ ಅಧಿಸೂಚನೆ ಎಂದು ಹೆಸರು. ೧೮೯೪ರ ಹಳೆಯ ಭೂಸ್ವಾಧೀನದ ಕಾಯಿದೆಯಲ್ಲಿ ಆಕ್ಷೇಪಣೆಗೆ ಮೂವತ್ತು ದಿನವಿತ್ತು. ೨೦೧೩ರ ಕಾಯಿದೆಯಲ್ಲಿ ಅರವತ್ತು ದಿನ. ಆದರೆ ರಾಷ್ಟ್ರೀಯ ಹೆದ್ದಾರಿಗಾಗಿ ೧೯೫೬ರ ಕಾಯಿದೆಯ ಮೇರೆಗೆ ಭೂಮಿಯನ್ನು ತೆಗೆದುಕೊಂಡರೆ ಇಪ್ಪತ್ತೊಂದೇ ದಿನ. ಹೆಸರು ಒಂದೇ, ಅವಧಿ ಬೇರೆ. ನೆರೆಯವನು ತನ್ನ ಅನುಭವದಿಂದ "ಎರಡು ತಿಂಗಳು ಐತಿ, ಸಾವಕಾಶ ಕೊಡೂಣು" ಎಂದು ಹೇಳಿದ್ದನ್ನು ನಂಬಿದವನು ಕೆಡುತ್ತಾನೆ. ೨೦೧೩ರ ಕಾಯಿದೆಯಲ್ಲಿ ಒಂದು ಮೆಚ್ಚತಕ್ಕ ಅಂಶವಿದೆ. ಪ್ರಾಥಮಿಕ ಅಧಿಸೂಚನೆಯನ್ನು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿಯೂ ಪಂಚಾಯತಿಯಲ್ಲಿ ಸ್ಥಳೀಯ ಭಾಷೆಯಲ್ಲಿಯೂ ಪ್ರಕಟಿಸಿದರೆ ಸಾಲದು. ಅದಕ್ಕೆಂದೇ ಗ್ರಾಮಸಭೆಯನ್ನು ಕೂಡಿಸಿ ಅದರ ಸಾರವನ್ನು ತಿಳಿಸಬೇಕು. ಹಿಂದೆ ಡಂಗುರ ಹೊಡೆದು ಸಾರುತ್ತಿದ್ದ ಪದ್ಧತಿಯ ವಿವೇಕವೇ ಇದು. ಡಂಗುರ ಸಾರುವವನು "ನಿಯಮಾನುಸಾರ ಕ್ರಮ ಜರುಗಿಸಲಾಗುವುದು" ಎಂದು ಕೂಗಿದರೆ ಬೀದಿಯ ಹುಡುಗರು ನಗುತ್ತಿದ್ದರು. ಬಾಯಲ್ಲಿ ಸಾರಬೇಕಾದಾಗ ಮಾತು ತಾನಾಗಿ ತಿಳಿಯಾಗುತ್ತದೆ.

ಮಾತು ತಿಳಿಯಾದರೆ ಎಲ್ಲ ತೊಂದರೆಯೂ ನೀಗುತ್ತದೆ ಎಂದು ನಾನು ಹೇಳಲಾರೆ. ಬೆಳವಣಕಿಯ ನೆರೆಯ ತಾಲ್ಲೂಕಾದ ನರಗುಂದವೂ ನವಲಗುಂದವೂ ಮಲಪ್ರಭೆಯ ನೀರಾವರಿಯ ಪ್ರದೇಶ. ನೀರು ಸರಿಯಾಗಿ ಮುಟ್ಟದ ಹೊಲಗಳ ಮೇಲೆಯೂ ಅಭಿವೃದ್ಧಿ ಕರ, ನೀರಿನ ಕರ ಎಂದು ತಗಾದೆ ಬಂದಾಗ ರೈತರು ಎದ್ದರು. ೧೯೮೦ನೆಯ ಇಸವಿ ಜುಲೈ ೨೧ರಂದು ಗೋಲೀಬಾರಾಗಿ ಪ್ರಾಣಹಾನಿಯಾಯಿತು. ಆ ದಿನವನ್ನು ಆ ಸೀಮೆ ಇಂದಿಗೂ ಮರೆತಿಲ್ಲ. ಆ ರೈತರಿಗೆ ತಗಾದೆಯ ಭಾಷೆ ತಿಳಿಯದೆ ಹೋಗಿರಲಿಲ್ಲ. ಅದರ ಅರ್ಥ ಚೆನ್ನಾಗಿಯೇ ತಿಳಿದಿತ್ತು. ಅನ್ಯಾಯವೆಂದು ತೋರಿದ ಕರವನ್ನು ಸುಲಭವಾದ ಕನ್ನಡದಲ್ಲಿ ಬರೆದರೆ ಅದು ನ್ಯಾಯವಾಗದು. ಆದರೂ ತಿಳಿಯಾದ ಮಾತಿಗೆ ಒಂದು ಗುಣವುಂಟು: ಅದು ಕಾರಣವನ್ನು ಕೇಳಿಸಿಕೊಳ್ಳುತ್ತದೆ. "ನಿಮ್ಮ ಹೊಲಕ್ಕೆ ಇಷ್ಟು ನೀರು ಕೊಟ್ಟಿದ್ದೇವೆ, ಅದಕ್ಕಾಗಿ ಇಷ್ಟು ಹಣ ಕೊಡಿ" ಎಂದು ನೇರವಾಗಿ ಬರೆಯಬೇಕಾದ ಗುಮಾಸ್ತನು, ನೀರು ಕೊಟ್ಟಿದ್ದೇವೆಯೇ ಎಂದು ಒಮ್ಮೆ ತನ್ನನ್ನು ತಾನು ಕೇಳಿಕೊಳ್ಳಬೇಕಾಗುತ್ತದೆ. ಮಸುಕಾದ ಮಾತಿನಲ್ಲಿ ಆ ಪ್ರಶ್ನೆ ಅಡಗಿಹೋಗುತ್ತದೆ.

ಪಟ್ಟಣದಲ್ಲಿರುವ ವಿದ್ಯಾವಂತರಾದ ತಮಗೆ ಇದರಲ್ಲಿ ಕೆಲಸವೇನು? ನಮ್ಮಲ್ಲಿ ಬಹುಮಂದಿಗೆ ಹಿಂದೆ ಒಂದು ಊರುಂಟು; ಆ ಊರಿನಲ್ಲಿ ಒಂದು ಚಾವಡಿಯುಂಟು. ಹಬ್ಬಕ್ಕೋ ಜಾತ್ರೆಗೋ ಹೋದಾಗ ಆ ಗೋಡೆಯ ಮುಂದೆ ಐದು ನಿಮಿಷ ನಿಲ್ಲಿ. ಯಾವ ಕಾಗದಕ್ಕೇ ಆಗಲಿ ಐದು ಪ್ರಶ್ನೆಗಳನ್ನು ಹಾಕಿ. ಇದು ಯಾರನ್ನು ಕುರಿತದ್ದು? ಸರ್ಕಾರ ಏನು ಮಾಡಲಿದೆ? ನಾವು ಏನನ್ನಾದರೂ ಮಾಡಬೇಕೆ, ಮಾಡಬಹುದೆ? ಯಾವ ತಾರೀಖಿನೊಳಗೆ, ಯಾರ ಹತ್ತಿರ? ಸುಮ್ಮನಿದ್ದರೆ ಏನಾಗುತ್ತದೆ? "ತಕ್ಕದ್ದು" ಎಂದಿದ್ದರೆ ಅದು ಕಡ್ಡಾಯ; "ಬಹುದು" ಎಂದಿದ್ದರೆ ಸಾಮಾನ್ಯವಾಗಿ ಅದು ಇಷ್ಟಕ್ಕೆ ಬಿಟ್ಟದ್ದು; "ಒಳಪಟ್ಟು" ಎಂಬ ಮಾತು ಬಂದರೆ ಇದಕ್ಕಿಂತ ಮೇಲಾದ ಇನ್ನೊಂದು ನಿಯಮ ಎಲ್ಲಿಯೋ ಇದೆ ಎಂದು ತಿಳಿದು ಅದನ್ನು ಹುಡುಕಿ. ಐದರಲ್ಲಿ ಯಾವುದಕ್ಕೆ ಉತ್ತರ ಸಿಕ್ಕಲಿಲ್ಲವೋ ಅದನ್ನು ಬರೆದುಕೊಂಡು ಕಚೇರಿಗೆ ಹೋಗಿ ಕೇಳಿ. ೨೦೦೫ರ ಮಾಹಿತಿ ಹಕ್ಕಿನ ಕಾಯಿದೆ ಕೇಳುವ ಅಧಿಕಾರವನ್ನು ಕೊಟ್ಟಿದೆ. ಕಚೇರಿಯಲ್ಲಿ ಕೆಲಸಮಾಡುವ ಕೇಳುಗರಲ್ಲಿ ನನ್ನ ಬಿನ್ನಹ ಇಷ್ಟೆ: ಕಾಯಿದೆಗೆ ಬೇಕಾದ ವಾಕ್ಯ ಕೆಳಗೆ ಹಾಗೆಯೇ ಇರಲಿ, ಅದರ ಮೇಲೆ ಈ ಐದಕ್ಕೆ ಉತ್ತರವಾಗಿ ಐದು ಸಾಲು ಬರೆಯಿರಿ. ಬರೆದದ್ದನ್ನು ಅಂಟಿಸುವ ಮುನ್ನ ಓಲೆಕಾರನಿಗೆ ಒಮ್ಮೆ ಓದಿಹೇಳಿ. ಅವನಿಗೆ ತಿಳಿದರೆ ಊರಿಗೆ ತಿಳಿಯುತ್ತದೆ.

ಹಾಗೆ ಬರೆದ ಕಾಗದವನ್ನು ಬೆಳವಣಕಿಯ ಆ ಹುಡುಗ ಓದಿದ್ದರೆ, ಕಟ್ಟೆಯ ಮೇಲಿನ ಹಿರಿಯರಿಗೆ ಅವನು ಕೊಡುತ್ತಿದ್ದ ಉತ್ತರ ಬೇರೆ: "ಹೊಲಾ ಇಬ್ಬರ ಹೆಸರಿಗೆ ಮಾಡಾಕ ಹತ್ಯಾರ್ರಿ ಯಜ್ಜಾ. ನವಲಗುಂದದ ಅಕ್ಕಗ ಇವತ್ತ ತಿಳಿಸಬೇಕು."