ಒಳಗಿನ ಲೆಕ್ಕ, ಮೇಲ್ಮೈ ಲೆಕ್ಕ



ಅವಧಿಗೆ ಮುನ್ನ ಹುಟ್ಟಿದ ಕೆಲವು ಶಿಶುಗಳಿಗೆ ಉಸಿರಾಟವೇ ಏಕೆ ಅಷ್ಟು ಕಷ್ಟ? 1959ರಲ್ಲಿ ಅಮೆರಿಕದ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ಇದಕ್ಕೆ ಕಾರಣ ಕಂಡುಕೊಂಡರು. ಶ್ವಾಸಕೋಶದ ಗಾಳಿಗೂಡುಗಳ ಒಳಗೋಡೆಗೆ ತೆಳುವಾದ ದ್ರವದ ಪದರವಿದೆ. ಅದರ ಮೇಲ್ಮೈ ಎಳೆತವನ್ನು ತಗ್ಗಿಸುವ, ಸಾಬೂನಿನಂತೆ ವರ್ತಿಸುವ ವಸ್ತು ಆ ಶಿಶುಗಳಲ್ಲಿ ಸಾಲದು. ಉಸಿರು ಬಿಟ್ಟೊಡನೆ ಗೂಡುಗಳು ಕುಸಿಯುತ್ತವೆ. 1980ರಲ್ಲಿ ಜಪಾನಿನ ತೆತ್ಸುರೋ ಫುಜಿವಾರಾ ಈ ವಸ್ತುವನ್ನು ಹೊರಗಿನಿಂದ ನೀಡಿ ಶಿಶುಗಳ ಉಸಿರಾಟ ಸುಧಾರಿಸಿದ್ದನ್ನು ವರದಿ ಮಾಡಿದರು. ಅದು ಶ್ವಾಸಕೋಶದಲ್ಲಿ ಹೇಗೆ ಹರಡುತ್ತದೆಂಬುದನ್ನು ಇಂದು ಗಣಕಯಂತ್ರದಲ್ಲೂ ಅಧ್ಯಯನ ಮಾಡುತ್ತಾರೆ.

ಇಲ್ಲೊಂದು ತೊಡಕಿದೆ. ಈ ವಸ್ತು ಸ್ವಲ್ಪ ದ್ರವದೊಳಗೆ, ಸ್ವಲ್ಪ ಮೇಲ್ಮೈಯಲ್ಲಿ ಇರುತ್ತದೆ. ಒಳಗಿನದು ಮೇಲೆ ಬಂದು ಅಂಟುತ್ತದೆ, ಮೇಲಿನದು ಬಿಟ್ಟು ಒಳಗಿಳಿಯುತ್ತದೆ. ಒಳಗೊಂದು ಸಮೀಕರಣ, ಮೇಲ್ಮೈಗೊಂದು ಸಮೀಕರಣ; ಎರಡನ್ನೂ ಒಟ್ಟಿಗೇ ಬಿಡಿಸಬೇಕು.

ಫೈನೈಟ್ ಎಲಿಮೆಂಟ್ ವಿಧಾನದಲ್ಲಿ ದ್ರವವನ್ನು ನಾಲ್ಕು ಮುಖಗಳ ಪುಟ್ಟ ಪುಟ್ಟ ತುಣುಕುಗಳಾಗಿ ವಿಭಜಿಸುತ್ತಾರೆ. ಅಂಚಿನ ತುಣುಕುಗಳ ಹೊರಮುಖಗಳು ತ್ರಿಕೋನಗಳು. ಆ ತ್ರಿಕೋನಗಳನ್ನೇ ಮೇಲ್ಮೈಯ ಜಾಲವಾಗಿ ಬಳಸಬಹುದು. ಆಗ ಅವುಗಳ ಮೂಲೆಯ ಬಿಂದುಗಳು ಎರಡು ಲೆಕ್ಕಕ್ಕೂ ಸಾಮಾನ್ಯ. ಆದರೆ ಒಳಗಿನ ಸಾಂದ್ರತೆಯ ಅಳತೆ ಘನಮೀಟರಿಗೆ ಇಷ್ಟು. ಮೇಲ್ಮೈಯದು ಚದರ ಮೀಟರಿಗೆ ಇಷ್ಟು. ಇದನ್ನು ಮರೆಯಬಾರದು. ಫೆನಿಕ್ಸ್‌ನಂತಹ ಉಚಿತ ತಂತ್ರಾಂಶಗಳಲ್ಲಿ ಇಂಥ ಲೆಕ್ಕ ಮಾಡಬಹುದು. ಈ ಜೋಡಿ ವಿಧಾನದ ದೋಷಕ್ಕೆ ಮಿತಿಯಿದೆ ಎಂಬುದನ್ನು ಚಾರ್ಲ್ಸ್ ಎಲಿಯಟ್ ಮತ್ತು ಥಾಮಸ್ ರಾನರ್ 2013ರ ಲೇಖನದಲ್ಲಿ ಸಾಧಿಸಿ ತೋರಿಸಿದ್ದಾರೆ.

ಈಗ ಪೆನ್ಸಿಲ್ ಹಿಡಿಯಿರಿ. ಮೊದಲು ಒಳಗೆ 90 ಪಾಲು, ಮೇಲ್ಮೈಯಲ್ಲಿ ಏನೂ ಇಲ್ಲ ಎನ್ನೋಣ. ಪ್ರತಿ ನಿಮಿಷ ಒಳಗಿನದರಲ್ಲಿ ಹತ್ತನೇ ಒಂದು ಭಾಗ ಮೇಲೇರಲಿ, ಮೇಲಿನದರಲ್ಲಿ ಐದನೇ ಒಂದು ಭಾಗ ಕೆಳಗಿಳಿಯಲಿ. ಒಂದು ನಿಮಿಷಕ್ಕೆ ಒಳಗೆ 81, ಮೇಲೆ 9. ಎರಡನೆಯದಕ್ಕೆ 74.7 ಮತ್ತು 15.3. ಹೀಗೆಯೇ ಮುಂದುವರಿದರೆ 60 ಮತ್ತು 30ರ ಸಮೀಪಕ್ಕೆ ಬಂದು ನಿಲ್ಲುತ್ತದೆ. ಪ್ರತಿ ಹೆಜ್ಜೆಯಲ್ಲೂ ಮೊತ್ತ 90! ಮೇಲೆ ಕೂಡಿಸಿದ್ದನ್ನು ಒಳಗೆ ಕಳೆಯಲು ಮರೆತರೋ, ಮೊದಲ ನಿಮಿಷಕ್ಕೇ ಮೊತ್ತ 99. ಇಲ್ಲದ ವಸ್ತು ಹುಟ್ಟಿಬಿಟ್ಟಿತು.

ಅಂಥ ತಪ್ಪಿದ್ದರೂ ಗಣಕಯಂತ್ರ ಸುಂದರವಾದ ಬಣ್ಣದ ಚಿತ್ರವನ್ನೇ ಕೊಡುತ್ತದೆ. ಚಿತ್ರಗಳನ್ನೇ ನಂಬಿ ಬದುಕುವ ದೂರದರ್ಶನದವನಾಗಿ ಹೇಳುತ್ತೇನೆ: ಪರದೆಯನ್ನು ಮೆಚ್ಚುವ ಮೊದಲು ಮೊತ್ತವನ್ನು ಕೂಡಿ ನೋಡಿ. ಈ ಲೆಕ್ಕದ ಆಚೆ ತುದಿಯಲ್ಲಿ ಒಂದು ಮಗುವಿನ ಉಸಿರಿರಬಹುದು.